ಲೆಕ್ಕ ಹಾಕೋದಕ್ಕೆ ಅವರಿದ್ದಾರೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಓದುಗರೊಬ್ಬರ ಪತ್ರ:

"ನಾನು ಮೈಸೂರಿನವನು. ಇಲ್ಲಿಗೆ ಬಂದ ಮೇಲೆ ಬೇಸ್‌ಬಾಲ್ ಹುಚ್ಚು ಹತ್ತಿತು. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ನನ್ನ ತಂಡ. 2025ರ ಜೂನ್‌ನಲ್ಲಿ ರಫಾಯೆಲ್ ಡೆವರ್ಸ್ ನಮ್ಮ ತಂಡಕ್ಕೆ ಬಂದಾಗ ಕುಣಿದಾಡಿದೆ. ಜುಲೈ ಮುಗಿಯುವಷ್ಟರಲ್ಲಿ ತಂಡ ಸೋತು ಸುಣ್ಣವಾಯಿತು. ನನ್ನ ಇಷ್ಟದ ಟೈಲರ್ ರೋಜರ್ಸ್, ಮೈಕ್ ಯಸ್ಟ್ರೆಮ್‌ಸ್ಕಿ, ಕಮಿಲೋ ಡೊವಾಲ್ ಮೂವರನ್ನೂ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಅವತ್ತು ಊಟ ಸೇರಲಿಲ್ಲ. ಆಗಸ್ಟ್‌ನಿಂದ ಆಟ ನೋಡುವುದನ್ನೇ ಬಿಟ್ಟೆ. ಆಫೀಸಿನ ಗೆಳೆಯರು 'ಇದು ಬಿಸಿನೆಸ್ ಕಣೋ, ಇಷ್ಟಕ್ಕೆಲ್ಲ ಬೇಜಾರಾ?' ಎಂದು ನಗುತ್ತಾರೆ. ನನ್ನ ಬೇಜಾರು ಹುಡುಗಾಟವೇ? ನೀವೇ ಹೇಳಿ."

ಸಂಪಾದಕರ ಉತ್ತರ:

ಹುಡುಗಾಟ ಅಲ್ಲವೇ ಅಲ್ಲ. ನಗುವ ಗೆಳೆಯರಿಗಿಂತ ಆಟ ನಿಮಗೇ ಚೆನ್ನಾಗಿ ಅರ್ಥವಾಗಿದೆ. ನಿಮ್ಮ ಒಂದೆರಡು ಮಾತಿಗೆ ನನ್ನ ತಕರಾರಿದೆ, ಅದನ್ನೂ ಹೇಳುತ್ತೇನೆ.

ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದ ದೊಡ್ಡ ಲೀಗ್‌ನಲ್ಲಿ ಒಂದು ತಂಡ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ 162 ಪಂದ್ಯ ಆಡುತ್ತದೆ. ಹೆಚ್ಚುಕಡಿಮೆ ದಿನಾ ಆಟ. ಐಪಿಎಲ್ ತರಹದ ಹರಾಜು ಅಲ್ಲಿಲ್ಲ, ಟ್ರೇಡ್ ಇದೆ. ಸೀಸನ್ ನಡುವೆಯೇ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಗೆಲ್ಲುವ ಆಸೆ ಇರುವ ತಂಡ ಅನುಭವಿಗಳನ್ನು ತರುತ್ತದೆ. ಆಸೆ ಬಿಟ್ಟ ತಂಡ ಅವರನ್ನು ಕೊಟ್ಟು ಎಳೆಯ ಹುಡುಗರನ್ನು ತೆಗೆದುಕೊಳ್ಳುತ್ತದೆ. 2025ರಲ್ಲಿ ಇದಕ್ಕೆ ಗಡುವು ಜುಲೈ 31, ಕ್ಯಾಲಿಫೋರ್ನಿಯಾದ ಗಡಿಯಾರದಲ್ಲಿ ಮಧ್ಯಾಹ್ನ ಮೂರು ಗಂಟೆ. ಒಪ್ಪಂದದಲ್ಲಿ ಮೊದಲೇ ಬರೆಸಿಕೊಂಡಿದ್ದರೆ ಆಟಗಾರ ಬೇಡ ಎನ್ನಬಹುದು. ಇಲ್ಲವೇ ಲೀಗ್‌ನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇದ್ದಿರಬೇಕು. ಉಳಿದವರನ್ನು ಯಾರೂ ಕೇಳುವುದಿಲ್ಲ. ಫೋನ್ ಬರುತ್ತದೆ, ಹೊರಡಬೇಕು. ಮಕ್ಕಳ ಶಾಲೆ, ಬಾಡಿಗೆ ಮನೆ ಎಲ್ಲ ಹಿಂದೆ ಉಳಿಯುತ್ತದೆ.

ಈಗ ನಿಮ್ಮ ಜೈಂಟ್ಸ್‌ಗೆ ಬರೋಣ. ಜೂನ್ 15ರಂದು ನೀವು ಕುಣಿದಿರಿ. ಅದೇ ದಿನ ಡೆವರ್ಸ್ ಅಲ್ಲಿವರೆಗೆ ಆಡುತ್ತಿದ್ದ ಬಾಸ್ಟನ್ ರೆಡ್ ಸಾಕ್ಸ್ ತಂಡ ಹಳೆಯ ವೈರಿ ಯಾಂಕೀಸ್ ವಿರುದ್ಧ ಮೂರಕ್ಕೆ ಮೂರೂ ಪಂದ್ಯ ಗೆದ್ದು ಮುಗಿಸಿತ್ತು. ಕೊನೆಯ ಪಂದ್ಯದಲ್ಲಿ ಡೆವರ್ಸ್ ಹೋಮ್ ರನ್ (ನಮ್ಮ ಸಿಕ್ಸರ್ ತರಹದ್ದು) ಕೂಡ ಹೊಡೆದಿದ್ದರು. ಬಾಸ್ಟನ್ ಜನ ಆ ಖುಷಿಯಲ್ಲಿರುವಾಗಲೇ ಅವರನ್ನು ಕೊಟ್ಟುಬಿಟ್ಟ ಸುದ್ದಿ ಬಂತು. ಹದಿನಾರನೇ ವಯಸ್ಸಿಗೆ ಸಹಿ ಹಾಕಿಸಿ ಬೆಳೆಸಿದ ಹುಡುಗ, 2018ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್, ಗೆದ್ದ ತಂಡದಲ್ಲಿದ್ದವರು. ಯಾವ ಜಾಗದಲ್ಲಿ ಆಡಬೇಕು ಎಂಬ ಬಗ್ಗೆ ಆಡಳಿತದ ಜೊತೆ ಮುನಿಸಿತ್ತು, ನಿಜ. ಆದರೆ ಜುಲೈ 31ಕ್ಕೆ ನಿಮಗಾದದ್ದು ಜೂನ್ 15ಕ್ಕೇ ಬಾಸ್ಟನ್‌ನವರಿಗೆ ಆಗಿತ್ತು. ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ. ಇದು ನನ್ನ ಮೊದಲ ತಕರಾರು.

ಆಮೇಲೆ ಜುಲೈ ಕೊನೆಯ ವಾರ. ನ್ಯೂಯಾರ್ಕಿನ ಮೆಟ್ಸ್ ತಂಡ ಬಂದು ನಿಮ್ಮ ಮೈದಾನದಲ್ಲಿ ಮೂರೂ ಪಂದ್ಯ ಗೆದ್ದಿತು. ಅವರ ಹಿಂದೆಯೇ ಪಿಟ್ಸ್‌ಬರ್ಗ್ ಪೈರೇಟ್ಸ್ ಬಂದು ಅದೂ ಮೂರೂ ಗೆದ್ದುಕೊಂಡು ಹೋಯಿತು. ಆಡಳಿತ ಅಲ್ಲಿಗೇ ಕೈಚೆಲ್ಲಿತು. ಆಡಳಿತ ಎಂದರೆ ಬಸ್ಟರ್ ಪೋಸಿ. 2010, 2012, 2014ರಲ್ಲಿ ಜೈಂಟ್ಸ್ ವರ್ಲ್ಡ್ ಸೀರೀಸ್ ಗೆದ್ದಾಗ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ತರಹ) ಆಗಿದ್ದವರು, ಆಡಿದಷ್ಟು ಕಾಲವೂ ಅದೊಂದೇ ತಂಡದಲ್ಲಿದ್ದವರು. ಟ್ರೇಡ್ ಆಗುವುದು ಎಂದರೇನು ಎಂದು ಅನುಭವಿಸದ ಕೈಯಿಂದಲೇ ಆ ಪಟ್ಟಿ ಹೊರಬಂತು.

ಯಸ್ಟ್ರೆಮ್‌ಸ್ಕಿ ವಿಷಯ ನನಗೆ ಜಾಸ್ತಿ ನೋವು ಕೊಟ್ಟಿತು. ಅವರ ಅಜ್ಜ ಕಾರ್ಲ್ ಯಸ್ಟ್ರೆಮ್‌ಸ್ಕಿ 1961ರಿಂದ 1983ರವರೆಗೆ 23 ಸೀಸನ್ ಆಡಿದರು. ಎಲ್ಲವೂ ಬಾಸ್ಟನ್‌ಗೇ. ಮೊಮ್ಮಗ ವರ್ಷಗಟ್ಟಲೆ ಕೆಳಗಿನ ಲೀಗ್‌ಗಳಲ್ಲಿ ಬೆವರು ಸುರಿಸಿ, 28ನೇ ವಯಸ್ಸಿನಲ್ಲಿ, 2019ರಲ್ಲಿ ಜೈಂಟ್ಸ್‌ಗೆ ಮೊದಲ ಪಂದ್ಯ ಆಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಅಜ್ಜನ ಮೈದಾನ ಫೆನ್‌ವೇ ಪಾರ್ಕ್‌ನಲ್ಲಿ ಹೋಮ್ ರನ್ ಹೊಡೆದರು. ಮರುದಿನ ಅಜ್ಜ ಬಂದು ಆಟಕ್ಕೆ ಮುಂಚಿನ ಗೌರವದ ಚೆಂಡನ್ನು ಮೊಮ್ಮಗನಿಗೆ ಎಸೆದರು. ಇಂಥ ಆಟಗಾರನನ್ನು ಚೆಂಡು ಎಸೆಯುವ ಒಬ್ಬ ಎಳೆಯ ಪಿಚರ್‌ಗಾಗಿ ಕ್ಯಾನ್ಸಸ್ ಸಿಟಿಗೆ ಕೊಟ್ಟರು. ನಿಮಗೆ ಊಟ ಸೇರದೇ ಹೋದದ್ದು ಸಹಜ ಅಲ್ವಾ?

ರೋಜರ್ಸ್ ಕಥೆ ಇನ್ನೂ ವಿಚಿತ್ರ. ಬೆರಳು ನೆಲ ಸವರುವ ಹಾಗೆ ಬಗ್ಗಿ, ಕೆಳಗಿನಿಂದ ಚೆಂಡು ಎಸೆಯುವ ಪಿಚರ್ ಅವರು. ಅವರಿಗೆ ಟೇಲರ್ ಎಂಬ ಅವಳಿ ಸೋದರ ಇದ್ದಾರೆ, ಅವರೂ ಪಿಚರ್. ಜುಲೈ 30ರಂದು ಒಂದೇ ದಿನ ಇಬ್ಬರೂ ಟ್ರೇಡ್ ಆದರು. ಟೈಲರ್ ನ್ಯೂಯಾರ್ಕ್ ಮೆಟ್ಸ್‌ಗೆ, ಟೇಲರ್ ಸಿನ್ಸಿನಾಟಿಯಿಂದ ಪಿಟ್ಸ್‌ಬರ್ಗ್‌ಗೆ. ಮರುದಿನ ಪಿಟ್ಸ್‌ಬರ್ಗ್‌ನವರು ಟೇಲರ್ ಅವರನ್ನು ಶಿಕಾಗೋಗೆ ದಾಟಿಸಿದರು. ಇಷ್ಟೆಲ್ಲ ಮಾಡಿ ಆಟಗಾರರನ್ನು ಗುಡ್ಡೆ ಹಾಕಿಕೊಂಡ ಮೆಟ್ಸ್, ಸೀಸನ್ನಿನ ಕೊನೆಯ ದಿನ ಪ್ಲೇಆಫ್ ತಪ್ಪಿಸಿಕೊಂಡಿತು.

ಟ್ರೇಡ್‌ನಿಂದ ಒಳ್ಳೆಯದೇ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2004ರ ಜುಲೈ 31ರಂದು ಬಾಸ್ಟನ್ ತನ್ನ ಮುದ್ದಿನ ನೋಮಾರ್ ಗಾರ್ಸಿಯಾಪಾರಾ ಅವರನ್ನು ಕಳಿಸಿತು. ಊರು ಕುದಿಯಿತು. ಅವತ್ತೇ ಸದ್ದಿಲ್ಲದೆ ತಂದ ಡೇವ್ ರಾಬರ್ಟ್ಸ್ ಅಕ್ಟೋಬರ್‌ನಲ್ಲಿ ಯಾಂಕೀಸ್ ವಿರುದ್ಧ, ಜೊತೆಗಾರ ಚೆಂಡು ಹೊಡೆಯುವ ಮೊದಲೇ ಓಡಿ, ಕದ್ದ ಒಂದು ಬೇಸ್ (ಓಟದ ಠಾಣೆ) ಇಡೀ ಸರಣಿಯನ್ನು ತಿರುಗಿಸಿತು. ಬಾಸ್ಟನ್ 86 ವರ್ಷಗಳ ಮೇಲೆ ವರ್ಲ್ಡ್ ಸೀರೀಸ್ ಗೆದ್ದಿತು. ನಿಮ್ಮ ಗೆಳೆಯರು ಇದನ್ನು ಹೇಳಿದರೆ ಒಪ್ಪಿಕೊಳ್ಳಿ. ಆದರೆ ಆ ಗೆಲುವಿನಿಂದ ಜುಲೈನಲ್ಲಿ ನೋಮಾರ್‌ಗಾಗಿ ಅತ್ತವರ ಅಳು ತಪ್ಪಾಯಿತೇ? ಮನೆಯವರೊಬ್ಬರು ಹೋದರೆ ಆಗುವ ದುಃಖ ಅದು. ಆಮೇಲೆ ಲಾಭ ಬಂತು ಎಂದು ಅದನ್ನು ಹಿಂದಕ್ಕೆ ಪಡೆಯಲಾಗದು.

ಲೆಕ್ಕವಾದರೂ ಯಾರಿಗೆ ಪೂರ್ತಿ ಗೊತ್ತು? 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ತಂಡ ಡಾಯ್ಲ್ ಅಲೆಕ್ಸಾಂಡರ್ ಎಂಬ ಹಿರಿಯ ಪಿಚರ್ ಅವರನ್ನು ತಂದಿತು. ಒಂದೂ ಸೋಲಿಲ್ಲದೆ ಒಂಬತ್ತು ಪಂದ್ಯ ಗೆದ್ದುಕೊಟ್ಟರು. ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ಬದಲಿಗೆ ಅಟ್ಲಾಂಟಾಗೆ ಹೋದವರು ಜಾನ್ ಸ್ಮೋಲ್ಟ್ಸ್, ಡೆಟ್ರಾಯಿಟ್ ಇರುವ ಮಿಷಿಗನ್‌ನಲ್ಲೇ ಆ ತಂಡವನ್ನು ಹಚ್ಚಿಕೊಂಡು ಬೆಳೆದ ಇಪ್ಪತ್ತರ ಹುಡುಗ. 2015ರಲ್ಲಿ ಅವರು ಬೇಸ್‌ಬಾಲ್ ಶ್ರೇಷ್ಠರ ಸಾಲಾದ ಹಾಲ್ ಆಫ್ ಫೇಮ್ ಸೇರಿದರು. ಟ್ರೇಡ್ ಆದ ಒಂದು ಗಂಟೆಯೊಳಗೆ 'ಯಾರಿಗೆ ಲಾಭ' ಎಂದು ಅಂಕ ಹಾಕುವವರು ಇದನ್ನು ಓದಬೇಕು.

ಆಗೆಲ್ಲ ಅಭಿಮಾನಿಗಳು ಹೀಗಿರಲಿಲ್ಲ. ಗಡುವು ಜೂನ್ 15 ಇದ್ದ ಕಾಲದಲ್ಲಿ, 1977ರಲ್ಲಿ, ಮೆಟ್ಸ್ ತಂಡ ಟಾಮ್ ಸೀವರ್ ಅವರನ್ನು ಸಿನ್ಸಿನಾಟಿಗೆ ಕೊಟ್ಟಿತು. 1969ರಲ್ಲಿ ತಂಡಕ್ಕೆ ಮೊದಲ ಬಾರಿ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ಪಿಚರ್ ಅವರು. ಸಂಬಳದ ವಿಷಯಕ್ಕೆ ತಂಡದ ಅಧ್ಯಕ್ಷ ಡೊನಾಲ್ಡ್ ಗ್ರಾಂಟ್ ಜೊತೆ ಜಗಳವಾಗಿತ್ತು. ವಿದಾಯ ಹೇಳಲು ಬಂದ ಸೀವರ್ ಅಭಿಮಾನಿಗಳ ಮಾತು ಬಂದ ಕೂಡಲೇ ಅತ್ತುಬಿಟ್ಟರು. ಬಾಯಿಂದ ಆಗದ ಮಾತನ್ನು ಕಾಗದದ ಮೇಲೆ ಬರೆದುಕೊಟ್ಟರು. ನ್ಯೂಯಾರ್ಕಿನ ಜನ ಲೆಕ್ಕ ಹಾಕುತ್ತ ಕೂರಲಿಲ್ಲ. ಮೈದಾನಕ್ಕೆ ಬರುವುದನ್ನೇ ಕಡಿಮೆ ಮಾಡಿದರು. ಆ ಮೈದಾನವನ್ನು 'ಗ್ರಾಂಟ್ ಗೋರಿ' ಎಂದು ಕರೆದರು. ತಂಡ ಮೂರು ವರ್ಷ ಸತತ ಕೊನೆಯ ಸ್ಥಾನದಲ್ಲಿ ಬಿದ್ದಿತ್ತು.

ನಿಮ್ಮ ಗೆಳೆಯರು ಕೇಳಬೇಕಾದ ಇನ್ನೊಂದು ಕಥೆ ವಿಲ್ಮರ್ ಫ್ಲೋರೆಸ್ ಅವರದು. ಮೊನ್ನೆ ಮೊನ್ನೆವರೆಗೆ ನಿಮ್ಮ ಜೈಂಟ್ಸ್‌ನಲ್ಲೇ ಇದ್ದರಲ್ಲ, ಅವರೇ. ವೆನೆಜುವೆಲಾದ ಹುಡುಗ, ಹದಿನಾರಕ್ಕೇ ಮೆಟ್ಸ್ ಸೇರಿದವನು. 2015ರ ಜುಲೈ 29ರ ರಾತ್ರಿ ಪಂದ್ಯ ನಡೆಯುತ್ತಿದ್ದಾಗಲೇ ಅವನನ್ನು ಮಿಲ್ವಾಕಿಗೆ ಕೊಟ್ಟರು ಎಂಬ ಸುದ್ದಿ ಜನರ ಫೋನಿಗೆ ಬಂತು. ಅವನಿಗೆ ಗೊತ್ತಿಲ್ಲ, ಕೋಚ್‌ಗೂ ಗೊತ್ತಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದಾಗ ಅವನಿಗೆ ತಿಳಿಯಿತು. ಮೈದಾನದ ನಡುವೆ ನಿಂತು ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ ಆಡಿದ. ಆ ರಾತ್ರಿಯೇ ಟ್ರೇಡ್ ಮುರಿದುಬಿತ್ತು. ಎರಡು ದಿನದ ಮೇಲೆ, ಜುಲೈ 31ರಂದು, ವಾಷಿಂಗ್ಟನ್ ವಿರುದ್ಧ ಎಂದಿನ ಒಂಬತ್ತು ಇನ್ನಿಂಗ್ಸ್ ದಾಟಿದ ಪಂದ್ಯದ 12ನೇ ಇನ್ನಿಂಗ್ಸ್‌ನಲ್ಲಿ ಅವನೇ ಗೆಲುವಿನ ಹೋಮ್ ರನ್ ಹೊಡೆದ. ಓಡಿ ಬರುವಾಗ ಎದೆಯ ಮೇಲಿನ ತಂಡದ ಹೆಸರನ್ನು ಹಿಡಿದು ತೋರಿಸಿದ. ಮೆಟ್ಸ್ ಆ ವರ್ಷ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. ಆ ತಂಡದ ಹೆಸರು ಎತ್ತಿದರೆ ಇವತ್ತಿಗೂ ಜನ ಮೊದಲು ನೆನೆಯುವುದು ಆ ಹುಡುಗನ ಕಣ್ಣೀರನ್ನೇ.

ನನಗೆ ಸಿಟ್ಟು ಬರುವುದು ಬೇರೆ ಕಡೆ. 'ಬಿಸಿನೆಸ್ ಕಣೋ' ಎನ್ನುವ ನಿಮ್ಮ ಗೆಳೆಯರು ಯಾರು? ನಿಮ್ಮ ಹಾಗೆ ಕಂಪನಿಗಳಲ್ಲಿ ದುಡಿಯುವವರು. ಬೆಳಿಗ್ಗೆ ಒಂದು ಇಮೇಲ್ ಬಂದರೆ ಸಂಜೆಗೆ ಮೇಜು ಖಾಲಿ ಮಾಡಬೇಕಾದವರು. ವೀಸಾ ಮೇಲಿದ್ದರೆ ಅರವತ್ತು ದಿನದಲ್ಲಿ ಹೊಸ ಕೆಲಸ ಹುಡುಕಬೇಕಾದವರು. ಅವರೇ ಮಾಲೀಕನ ಪರ ವಕೀಲಿಕೆಗೆ ನಿಲ್ಲುವುದು ಏಕೆ? ಡೆವರ್ಸ್‌ಗೆ ಉಳಿದಿರುವ ಸಂಬಳ ಎಷ್ಟು, ಡೊವಾಲ್ ಇನ್ನೆಷ್ಟು ವರ್ಷ ಅಗ್ಗಕ್ಕೆ ಸಿಗುತ್ತಿದ್ದರು ಎಂದು ಬಾಯಿಪಾಠ ಹೇಳುತ್ತಾರೆ. ಆ ಲೆಕ್ಕ ಹಾಕೋದಕ್ಕೆ ಮಾಲೀಕರ ಬಳಿ ಸಂಬಳದವರಿದ್ದಾರೆ. ಟಿಕೆಟ್ ಕೊಂಡು ಬಂದವರು ಅದನ್ನು ಬಿಟ್ಟಿಯಾಗಿ ಮಾಡಿಕೊಡಬೇಕೇ?

ಆಟಗಾರನನ್ನು ಕೇಳದೆ ಮಾಲೀಕ ಹೀಗೆ ಕೊಡಬಹುದೇ ಎಂದು ಗಟ್ಟಿಯಾಗಿ ಕೇಳಿದವರು ಕರ್ಟ್ ಫ್ಲಡ್ ಎಂಬ ಆಟಗಾರ. ಸೇಂಟ್ ಲೂಯಿಸ್‌ನಲ್ಲಿ 12 ಸೀಸನ್ ಆಡಿದ ಮೇಲೆ 1969ರಲ್ಲಿ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟರು. ಹೋಗುವುದಿಲ್ಲ ಎಂದರು. ನನ್ನನ್ನು ಕೇಳದೆ ಕೊಳ್ಳಲು, ಮಾರಲು ನಾನು ಸ್ವತ್ತಲ್ಲ ಎಂದು ಲೀಗ್ ಮುಖ್ಯಸ್ಥರಿಗೆ ಪತ್ರ ಬರೆದು ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5–3ರಿಂದ ಸೋತರು. ಆಟದ ಬದುಕೂ ಮುಗಿಯಿತು. ಬೇಡ ಎನ್ನುವ ಹಕ್ಕನ್ನು ಹತ್ತು ವರ್ಷ ಆಡಿದವರಿಗೆ ಕೊಡುವ ನಿಯಮ ಬಂದದ್ದು ಅವರ ಹೋರಾಟದ ಬೆನ್ನಿಗೇ. ಫ್ಲಡ್ ಅಷ್ಟು ಕಳೆದುಕೊಂಡು ಹೇಳಿದ್ದನ್ನು ಇವತ್ತಿನ ಅಭಿಮಾನಿ ಸುಮ್ನೆ ಮರೆಯಬಾರದು.

ನಮ್ಮ ಊರಲ್ಲೂ ಇದೇ ರೋಗ. ಕೆ.ಎಲ್. ರಾಹುಲ್ ನಮ್ಮ ಹುಡುಗ. 2018ರ ಹರಾಜಿಗೆ ಮುಂಚೆ ಬೆಂಗಳೂರು ಅವರನ್ನು ಉಳಿಸಿಕೊಳ್ಳಲಿಲ್ಲ, ಪಂಜಾಬ್ 11 ಕೋಟಿಗೆ ಕೊಂಡಿತು. 2025ರ ಏಪ್ರಿಲ್ 10ರಂದು ಡೆಲ್ಲಿ ಪರವಾಗಿ ಚಿನ್ನಸ್ವಾಮಿಗೆ ಬಂದು ಔಟಾಗದೆ 93 ಹೊಡೆದರು. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ನಡುವೆ ಬ್ಯಾಟ್ ಊರಿ, ಇದು ನನ್ನ ಜಾಗ ಎಂದು ತೋರಿಸಿದರು. ಅವರ ಜಾಗವೇ ಹೌದು. ಅದನ್ನು ನೋಡಿ 'ಅವರ ಸ್ಟ್ರೈಕ್ ರೇಟ್ ಸಾಲದು, ಬಿಟ್ಟಿದ್ದೇ ಸರಿ' ಎಂದು ವಾದಿಸುವ ಬೆಂಗಳೂರಿನವರ ಜೊತೆ ನನಗೆ ಮಾತು ಹೊಂದುವುದಿಲ್ಲ.

ಇನ್ನು ಎರಡನೇ ತಕರಾರು. ಸೀವರ್ ಹೋದಾಗ ಜನ ದೂರ ನಿಂತದ್ದು ಮಾಲೀಕನಿಗೆ ಬಿಸಿ ಮುಟ್ಟಿಸಲು. ನೀವು ಮನೆಯಲ್ಲಿ ಟಿವಿ ಆರಿಸಿದರೆ ಪೋಸಿಗೇನು ತಿಳಿಯುತ್ತದೆ? ಅತ್ತ ನಿಮ್ಮ ತಂಡದ ಪಿಚರ್ ಲೋಗನ್ ವೆಬ್ ಎಸೆಯುತ್ತಲೇ ಇದ್ದರು. ಕ್ಯಾಲಿಫೋರ್ನಿಯಾದವರೇ, ರಾಕ್ಲಿನ್ ಊರಿನವರು. ಆ ವರ್ಷ ದೊಡ್ಡ ಲೀಗ್‌ನ ಅರ್ಧವಾದ ನ್ಯಾಷನಲ್ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 207 ಇನ್ನಿಂಗ್ಸ್ ಎಸೆದು 224 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು. ಸೆಪ್ಟೆಂಬರ್ ನಡುವಿಗೆ ತಂಡ ಪ್ಲೇಆಫ್ ಜಾಗದ ಹತ್ತಿರಕ್ಕೂ ಬಂದಿತ್ತು. ಕೊನೆಗೆ 81 ಗೆಲುವು, 81 ಸೋಲು. ಅದರಲ್ಲಿ ಎರಡು ತಿಂಗಳ ಆಟವನ್ನು ನೀವು ನೋಡಲೇ ಇಲ್ಲ. ಹೋದ ಮೂವರಿಗಾಗಿ ಇದ್ದವರನ್ನು ಬಿಟ್ಟಿರಿ. ಅದು ನ್ಯಾಯವಲ್ಲ.

ನಿಮ್ಮ ಪಕ್ಕದ ಓಕ್ಲೆಂಡ್ ಜನರನ್ನು ನೋಡಿ. ಅಲ್ಲಿನ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡದ ಮಾಲೀಕರು ಒಳ್ಳೆಯ ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ ಕಳಿಸಿ, ಆಮೇಲೆ ತಂಡವನ್ನೇ ಊರಿಂದ ಕಿತ್ತರು. ಒಂದು ಕಾಲಕ್ಕೆ ನಿಮ್ಮ ಫ್ರೀಮಾಂಟ್‌ನಲ್ಲೇ ಅವರ ಮೈದಾನ ಕಟ್ಟುವ ಮಾತಿತ್ತು. 2023ರ ಜೂನ್ 13ರಂದು, ತಂಡ ಸೋಲಿನ ಮೇಲೆ ಸೋಲು ಕಂಡಿದ್ದ ಸೀಸನ್ನಿನಲ್ಲಿ, ಅಭಿಮಾನಿಗಳು ಬೇಕೆಂದೇ ಮೈದಾನ ತುಂಬಿಸಿ 'ತಂಡ ಮಾರಿ' ಎಂದು ಕೂಗಿದರು. 27,759 ಜನ ಬಂದಿದ್ದರು. 2024ರ ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ. ಸಿಟ್ಟನ್ನು ಅವರು ಮೈದಾನಕ್ಕೇ ಹೊತ್ತು ತಂದರು. ಸಾಧ್ಯವಾದರೆ ಅವರಲ್ಲಿ ಒಬ್ಬರನ್ನು ಹುಡುಕಿ ಮಾತಾಡಿಸಿ.

ಮತ್ತೆ ಪತ್ರ ಬರೆಯಿರಿ. ರೋಜರ್ಸ್ ಆ ಬಗ್ಗಿದ ಕೈಯಿಂದ ಎಸೆಯುವುದನ್ನು ಮೈದಾನದಲ್ಲಿ ಕೂತು ನೋಡಿದ್ದರೆ ಅದನ್ನು ವಿವರವಾಗಿ ಬರೆಯಿರಿ. ಎಷ್ಟು ಉದ್ದವಾದರೂ ಪ್ರಕಟಿಸುತ್ತೇವೆ. ಯಾರ ಬದಲಿಗೆ ಯಾರು ಬಂದರು ಎಂಬ ಪಟ್ಟಿ ಮಾತ್ರ ಬೇಡ.