ದೇಶದಲ್ಲಿ ಗಲಾಟೆ ಇರುವಾಗಲೂ ದೊಡ್ಡ ಧರ್ಮಗುರು ಬರಲಿ ಎಂದು ಸರ್ಕಾರ ಯಾಕೆ ಬಯಸುತ್ತದೆ?

ಮುಖ್ಯವಾಗಿ ಒಂದು ಫೋಟೋಗಾಗಿ. ಜನರ ನಂಬಿಕೆ ಕಳೆದುಕೊಂಡವರು ಜನ ನಂಬುವವರ ಪಕ್ಕ ನಿಂತರೆ ಆ ಗೌರವ ಸ್ವಲ್ಪ ತಮಗೂ ಅಂಟುತ್ತದೆ ಅನ್ನುವ ಲೆಕ್ಕ. 1987ರ ಏಪ್ರಿಲ್‌ನಲ್ಲಿ ಚಿಲಿಯ ಸರ್ವಾಧಿಕಾರಿ ಪಿನೊಚೆ, ಪೋಪ್ ಎರಡನೇ ಜಾನ್ ಪಾಲ್ ಜೊತೆ ಅಧ್ಯಕ್ಷರ ಅರಮನೆಯ ಬಾಲ್ಕನಿಯಲ್ಲಿ ಕಾಣಿಸಿಕೊಂಡದ್ದು ಇದಕ್ಕೇ. ಫಿಲಿಪೀನ್ಸ್‌ನ ಸರ್ವಾಧಿಕಾರಿ ಮಾರ್ಕೋಸ್ 1981ರಲ್ಲಿ ಪೋಪ್ ಬರುವ ಒಂದು ತಿಂಗಳ ಮುಂಚೆ ಸೇನಾ ಕಾನೂನನ್ನೇ ತೆಗೆದರು. ಕಾಗದದ ಮೇಲೆ, ಅಷ್ಟೇ.

ಆದರೆ ಇದರಲ್ಲೊಂದು ಪೇಚಿದೆ. ಗುರು ಬಂದರೆ ಜನ ಸೇರುವುದನ್ನು ತಡೆಯಲಾಗದು. ಬೇರೆ ದಿನ ಅಪರಾಧವಾಗುವ ಗುಂಪು ಅಂದು ಪ್ರಾರ್ಥನಾ ಸಭೆ! ಚಿಲಿಯ ರಾಜಧಾನಿ ಸಾಂಟಿಯಾಗೊದಲ್ಲಿ ಪೋಪ್ ಪೂಜೆ ನಡೆಸುತ್ತಿದ್ದಾಗಲೇ ಪ್ರತಿಭಟನಕಾರರಿಗೂ ಪೊಲೀಸರಿಗೂ ಹೊಡೆದಾಟವಾಯಿತು, ಅದನ್ನು ಹೊರಜಗತ್ತೂ ನೋಡಿತು.

ಪೋಲೆಂಡ್ ಇನ್ನೂ ಒಳ್ಳೆಯ ಉದಾಹರಣೆ. 1979ರಲ್ಲಿ ಪೋಪ್ ತಮ್ಮ ತಾಯ್ನಾಡಿಗೆ ಬರುತ್ತೇನೆಂದಾಗ ಕಮ್ಯುನಿಸ್ಟ್ ಸರ್ಕಾರಕ್ಕೆ ಬೇಡ ಅನ್ನಲಾಗಲಿಲ್ಲ. ಲಕ್ಷಾಂತರ ಜನ ಸೇರಿದರು. ಸರ್ಕಾರದ ಮೇಲೆ ಬೇಸರ ಇರುವುದು ತನಗೊಬ್ಬನಿಗೇ ಅಲ್ಲ ಅಂತ ಪ್ರತಿಯೊಬ್ಬರಿಗೂ ಕಣ್ಣಾರೆ ಗೊತ್ತಾಯಿತು. ಭಾಷಣಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿತು ಅನ್ನಬಹುದು. ಮರುವರ್ಷ ಮಾಂಸದ ಬೆಲೆ ಏರಿದಾಗ ಮುಷ್ಕರಗಳು ಶುರುವಾದವು, ಅದರಿಂದ ಸಾಲಿಡಾರಿಟಿ ಕಾರ್ಮಿಕ ಸಂಘ ಹುಟ್ಟಿತು.