ಹಳೆಯ ಲ್ಯಾಪ್‌ಟಾಪ್ ರಿಪೇರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಂಡಕ್ಕಿ ಭಟ್ಟಿಗಳ ಹತ್ತಿರ ನಮ್ಮ ಅಂಗಡಿ. ಲೆಕ್ಕ ಬರೆಯಲು ಹಳೆಯ ಥಿಂಕ್‌ಪ್ಯಾಡ್ ಟಿ60 ಇದೆ. ಆನ್ ಮಾಡಿದ ಹತ್ತು-ಹದಿನೈದು ನಿಮಿಷಕ್ಕೆ ತಾನಾಗಿಯೇ ಬಂದ್ ಆಗುತ್ತದೆ. ಪ್ರತಿ ಸಲ 0271 ಎಂಬ ಎರರ್ ಬೇರೆ. ಹೊರಗಿನಿಂದ ಬ್ಲೋವರ್ ಹಿಡಿಸಿದರೂ ಸರಿಹೋಗಲಿಲ್ಲ. ಮದರ್‌ಬೋರ್ಡ್ ಹೋಗಿದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮದರ್‌ಬೋರ್ಡ್ ಮೇಲೆ ಈಗಲೇ ಅನುಮಾನ ಬೇಡ. ಇವು ಎರಡು ಬೇರೆ ಬೇರೆ ತೊಂದರೆಗಳು, ಎರಡೂ ಕಡಿಮೆ ಖರ್ಚಿನವು.

ಬಂದ್ ಆಗುವುದಕ್ಕೆ ಬಹುತೇಕ ಬಿಸಿಯೇ ಕಾರಣ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ಮೊದಲು ವೇಗ ತಗ್ಗಿಸುತ್ತದೆ. ಅಷ್ಟಕ್ಕೂ ತಣಿಯದಿದ್ದರೆ ಯಂತ್ರ ನಿಂತುಬಿಡುತ್ತದೆ. ಭಟ್ಟಿಯ ಮಸಿ ಜಿಡ್ಡಿನದು. ಅದು ಧೂಳಿನ ಜೊತೆ ಸೇರಿ ಫ್ಯಾನ್‌ಗೂ ಶಾಖ ಹೊರಹಾಕುವ ತೆಳು ಪಟ್ಟಿಗಳಿಗೂ ನಡುವೆ ದಪ್ಪಗೆ ಕೂರುತ್ತದೆ. ಹೊರಗಿನಿಂದ ಹೊಡೆದ ಗಾಳಿಗೆ ಅದು ಕದಲುವುದಿಲ್ಲ, ಬಿಚ್ಚಲೇಬೇಕು.

ಅಡಾಪ್ಟರ್, ಬ್ಯಾಟರಿ ಎರಡನ್ನೂ ಮೊದಲು ತೆಗೆಯಿರಿ. ಪಿಎಚ್0, ಪಿಎಚ್1 (ಪ್ಲಸ್ ತುದಿಯ) ಸ್ಕ್ರೂಡ್ರೈವರ್ ಸಾಕು. ತಳಭಾಗದ ಚಿತ್ರವನ್ನು ರಟ್ಟಿನ ಮೇಲೆ ಬರೆದು, ಬಿಚ್ಚಿದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡಿ; ಉದ್ದದ ಸ್ಕ್ರೂ ಗಿಡ್ಡದರ ತೂತಿಗೆ ಹೋದರೆ ಒಳಗಿನ ಬೋರ್ಡನ್ನೇ ಚುಚ್ಚುತ್ತದೆ. ಅಂಗೈ ಇಡುವ ಭಾಗ, ಕೀಬೋರ್ಡ್ ಎತ್ತುವಾಗ ಕೆಳಗಿನ ರಿಬ್ಬನ್ ಕೇಬಲ್ ಎಳೆಯಬೇಡಿ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್‌ನಿಂದ ಉಜ್ಜಿ. ಪಂಕ್ಚರ್ ಅಂಗಡಿಯ ಗಾಳಿ ಬೇಡ, ಅದರಲ್ಲಿ ನೀರು-ಎಣ್ಣೆ ಇರುತ್ತದೆ.

ಹೀಟ್‌ಸಿಂಕ್ (ಪ್ರೊಸೆಸರ್‌ನ ಶಾಖ ಹೀರುವ ಲೋಹದ ಭಾಗ) ಎತ್ತಿದ ಮೇಲೆ, ಇವೆರಡರ ನಡುವೆ ಶಾಖ ಸಾಗಿಸಲು ಹಚ್ಚಿದ್ದ, ಈಗ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಮೊಬೈಲ್ ರಿಪೇರಿಯವರು ಬಳಸುವುದೂ ಅದನ್ನೇ. ಥಿನ್ನರ್ ಮುಟ್ಟಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಹೊಸ ಪೇಸ್ಟ್ ಅಕ್ಕಿ ಕಾಳಿನಷ್ಟು ಸಾಕು. ಮೊದಲು ಮೆತ್ತನೆಯ ಪ್ಯಾಡ್ ಇದ್ದ ಚಿಪ್‌ಗೆ ಮಾತ್ರ ಪೇಸ್ಟ್ ಹಚ್ಚಬಾರದು: ಅಲ್ಲಿನ ಸಂದು ತುಂಬದೆ ಬಿಸಿ ಹಾಗೇ ಉಳಿಯುತ್ತದೆ. ಅದೇ ದಪ್ಪದ ಪ್ಯಾಡ್ ತನ್ನಿ. ಈ ಪ್ರೊಸೆಸರ್‌ನ ಸಿಲಿಕಾನ್ ಬರಿ ಮೈಯಲ್ಲಿರುತ್ತದೆ, ಮೇಲೆ ಲೋಹದ ಮುಚ್ಚಳವಿಲ್ಲ. ಒಂದೇ ಮೂಲೆಯ ಸ್ಕ್ರೂ ಬಿಗಿದರೆ ಅಂಚು ಒಡೆಯಬಹುದು. ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ.

0271 ಎಂದರೆ ದಿನಾಂಕ, ಸಮಯ ಅಳಿಸಿಹೋಗಿದೆ ಎಂದು. ಒಳಗಿನ 3 ವೋಲ್ಟ್ ಬಟನ್ ಸೆಲ್ ಸತ್ತಿದೆ. ಮಲ್ಟಿಮೀಟರ್‌ನಲ್ಲಿ 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ವೈರ್, ಕನೆಕ್ಟರ್ ಸಮೇತ ಸಿಗುವುದನ್ನೇ ಕೊಳ್ಳಿ. ಬರಿ ಸೆಲ್‌ಗೆ ಬೆಸುಗೆ ಹಾಕಿದರೆ ಬಿಸಿಗೆ ಹಾಳಾಗುತ್ತದೆ, ಸಿಡಿಯಲೂಬಹುದು. ಸೆಲ್ ತೆಗೆದರೆ ಸೂಪರ್‌ವೈಸರ್ ಪಾಸ್‌ವರ್ಡ್ (ಬಯಾಸ್ ಎಂಬ ಮೂಲ ಸೆಟ್ಟಿಂಗ್‌ಗಳಿಗೆ ಹಾಕುವ ಬೀಗ) ಅಳಿಯುತ್ತದೆ ಎಂಬ ಮಾತು ಥಿಂಕ್‌ಪ್ಯಾಡ್‌ಗೆ ಅನ್ವಯಿಸದು, ಅದು ಬೇರೆ ಚಿಪ್‌ನಲ್ಲಿ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಯಾಸ್ ತೆರೆದು, ಪಾಸ್‌ವರ್ಡ್ ಕೇಳುವುದಿಲ್ಲವೆಂದು ನೋಡಿಯೇ ದುಡ್ಡು ಕೊಡಿ.

ಪ್ರಶ್ನೆ: ಇದೇ ಟಿ60ಗೆ 4 ಜಿಬಿ ರ‍್ಯಾಮ್ ಹಾಕಿಸಿದೆ, 3 ಜಿಬಿ ಮಾತ್ರ ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರೇ?
— ಓದುಗರೊಬ್ಬರು, ಹಿರಿಯೂರು

ಉತ್ತರ: ಇಲ್ಲ. ಅದರ ಇಂಟೆಲ್ 945 ಚಿಪ್‌ಸೆಟ್‌ನ (ಪ್ರೊಸೆಸರ್, ರ‍್ಯಾಮ್ ಜೋಡಿಸುವ ಚಿಪ್) ಮಿತಿ ಅಷ್ಟೇ. 64 ಬಿಟ್ ಆಪರೇಟಿಂಗ್ ಸಿಸ್ಟಂ ಹಾಕಿದರೂ ಬದಲಾಗದು. ಒಂದು 2 ಜಿಬಿ, ಒಂದು 1 ಜಿಬಿ ಡಿಡಿಆರ್2 ರ‍್ಯಾಮ್ ಸಾಕಿತ್ತು.

ಪ್ರಶ್ನೆ: 2007ರ ಲ್ಯಾಪ್‌ಟಾಪ್. ಪರದೆ ಕಪ್ಪು, ಆದರೆ ಟಾರ್ಚ್ ಬಿಟ್ಟರೆ ಮಸುಕಾಗಿ ಅಕ್ಷರ ಕಾಣುತ್ತವೆ. ಪರದೆಯನ್ನೇ ಬದಲಿಸಬೇಕೇ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಅಕ್ಷರ ಕಾಣುತ್ತಿವೆ ಎಂದರೆ ಎಲ್‌ಸಿಡಿ ಚೆನ್ನಾಗಿದೆ, ಹಿಂದಿನ ಬೆಳಕು ಇಲ್ಲ. ಆ ಕಾಲದ ಪರದೆಗಳಲ್ಲಿ ಹೆಚ್ಚಾಗಿ ಎಲ್‌ಇಡಿ ಇರಲಿಲ್ಲ. ಸಣ್ಣ ಟ್ಯೂಬ್ ಮತ್ತು ಅದನ್ನು ಉರಿಸುವ ಇನ್ವರ್ಟರ್ ಪಟ್ಟಿ ಇತ್ತು. ಕೆಡುವ ಮೊದಲು ಕೆಲವು ದಿನ ಪರದೆ ಕೆಂಪಗೆ ಹೊತ್ತಿಕೊಳ್ಳುತ್ತಿತ್ತೇ? ಹಾಗಿದ್ದರೆ ಟ್ಯೂಬ್ ಸವೆದಿದೆ. ಅಂಥ ಸೂಚನೆಯಿಲ್ಲದೆ ಹೋಗಿದ್ದರೆ ಮೊದಲು ಇನ್ವರ್ಟರ್ ಬದಲಿಸಿ ನೋಡಿ, ಅದು ಅಗ್ಗ. ಅದಕ್ಕೂ ಮುಂಚೆ ಮುಚ್ಚಳ ಮುಚ್ಚಿದಾಗ ಒತ್ತಿಕೊಳ್ಳುವ ಗುಂಡಿ ಸಿಕ್ಕಿಕೊಂಡಿದೆಯೇ ಪರೀಕ್ಷಿಸಿ. ಇನ್ವರ್ಟರ್‌ನಿಂದ ನೂರಾರು ವೋಲ್ಟ್ ಹೊರಡುತ್ತದೆ. ಯಂತ್ರ ಚಾಲೂ ಇದ್ದಾಗ ಮುಟ್ಟಬೇಡಿ. ಟ್ಯೂಬಿನೊಳಗೆ ಪಾದರಸವಿದೆ, ಒಡೆಯದಂತೆ ತೆಗೆಯಿರಿ.