ನಕ್ಕರೆ ಮಾತ್ರೆ ಎಣಿಸುವ ತಾಯಿ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆದರೆ ಇಂಥ ತಾಯಿ-ಮಗಳು ತಿಂಗಳಿಗೊಬ್ಬರಾದರೂ ಆಪ್ತಸಲಹೆಗೆಂದು ನನ್ನ ಬಳಿ ಬರುತ್ತಾರೆ.

ಮಗಳಿಗೆ ಮೂವತ್ತರ ಆಸುಪಾಸು, ಬೈಪೋಲಾರ್ ಕಾಯಿಲೆ. ಅಂದರೆ ಕೆಲವು ಕಾಲ ಮಿತಿಮೀರಿದ ಉತ್ಸಾಹ, ಕೆಲವು ಕಾಲ ತೀರಾ ಕುಗ್ಗಿದ ಮನಸ್ಸು. ಈ ಏರಿಳಿತ ತಡೆಯುವ ಲಿಥಿಯಂ ಮಾತ್ರೆಯಲ್ಲಿ ಎರಡು ವರ್ಷದಿಂದ ಚೆನ್ನಾಗಿದ್ದಾಳೆ, ಕೆಲಸಕ್ಕೂ ಹೋಗುತ್ತಾಳೆ. ಮನೆ ಶ್ರೀನಗರದಲ್ಲಿ. ‘ದಿನಾ ಜಗಳ’ ಎಂದು ಇಬ್ಬರೂ ಬಂದಿದ್ದರು.

ಅವತ್ತು ಮಾರ್ಕೆಟ್ ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ಅಜ್ಜಿಯೊಬ್ಬರು ಕಿತ್ತಾಡಿದ್ದನ್ನು ಹೇಳುತ್ತಾ ಮಗಳು ಜೋರಾಗಿ ನಕ್ಕಳು. ನನಗೂ ನಗು ಬಂತು. ತಾಯಿಯ ಕೈ ಮಾತ್ರ ಬ್ಯಾಗಿಗೆ ಹೋಯಿತು. ಮಾತ್ರೆಯ ಸ್ಟ್ರಿಪ್ ತೆಗೆದು, ಖಾಲಿ ಗುಳಿಗಳ ಮೇಲೆ ಹೆಬ್ಬೆರಳು ಒತ್ತುತ್ತಾ ಎಣಿಸತೊಡಗಿದರು.

"ನೋಡಿ ಮೇಡಂ. ನಾನು ನಕ್ಕರೆ ಅಮ್ಮ ಮಾತ್ರೆ ಎಣಿಸ್ತಾಳೆ. ಅತ್ತರೆ ಡಾಕ್ಟರಿಗೆ ಫೋನು. ನಂಗೆ ಸುಮ್ನೆ ನಗು ಬರಬಾರ್ದಾ?"

"ಹೋದ ಸಲ ನಗುವಿನಿಂದಲೇ ಶುರುವಾಗಿದ್ದು," ಎಂದರು ತಾಯಿ, ತಲೆ ಎತ್ತದೆ.

ಇಬ್ಬರದೂ ಸರಿಯೇ ಅಲ್ವಾ? ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ಆ ನಗುವಿಗೂ ಮುಂಚೆ ಏನಾಗಿತ್ತು ಎಂದು ಕೇಳಿದೆ. ಕೆದಕಿದಾಗ ಸಿಕ್ಕಿದ್ದು ನಿದ್ದೆ. ಮೂರ್ನಾಲ್ಕು ರಾತ್ರಿ ಎರಡೇ ಗಂಟೆ ಮಲಗಿದ್ದಳು, ಸುಸ್ತೇ ಇರಲಿಲ್ಲ. ರಾತ್ರಿ ಎರಡಕ್ಕೆ ಅಟ್ಟ ಹತ್ತಿ ಪಾತ್ರೆ ಇಳಿಸಿ ತೊಳೆದಿದ್ದಳು.

ಹಾಗಾದರೆ ನೋಡಬೇಕಾದ್ದು ನಿದ್ದೆಯನ್ನು, ನಗುವನ್ನಲ್ಲ ಎಂದೆ. ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ಮಲಗಿಯೂ ಸುಸ್ತಾಗದಿದ್ದರೆ ತಾಯಿ ಹೇಳಬೇಕು, ಮಗಳು ವಾದ ಮಾಡದೆ ಡಾಕ್ಟರಿಗೆ ಫೋನ್ ಮಾಡಬೇಕು. ಇದನ್ನು ಮಗಳೇ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದಳು. ಕೆಳಗೆ ಡಾಕ್ಟರ್ ನಂಬರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಮಾತ್ರೆ ಅವಳ ಸುಪರ್ದಿಗೆ ಬಂತು. ತಾಯಿ ಭಾನುವಾರ ಒಂದು ಸಲ ನೋಡಬಹುದು.

ಸೋದರಮಾವ ಫೋನ್ ಮಾಡಿ ರೇಗಿದರು: "ಏನಾದ್ರೂ ಆದ್ರೆ ನೀವು ಜವಾಬ್ದಾರಿ ತಗೋತೀರಾ?" ಮಾತ್ರೆ ಬಿಡಿ ಎಂದು ನಾನು ಹೇಳಿರಲಿಲ್ಲ. ಡಾಕ್ಟರನ್ನು ಕೇಳಿಯೇ ಈ ಬದಲಾವಣೆ ಮಾಡಿದ್ದು. ಲಿಥಿಯಂಗೆ ಬೇಕಾದ ರಕ್ತಪರೀಕ್ಷೆಯೂ ನಡೆದೇ ಇದೆ. ಆದರೆ ಹಗಲೂ ರಾತ್ರಿ ಕಾವಲಿದ್ದರೆ, ಚೆನ್ನಾಗಿರುವವಳೂ ರೋಗಿಯಾಗಿಯೇ ಬದುಕಬೇಕಾಗುತ್ತೆ. ಬೇಜಾರಾಗಿದೆ ಎಂದು ಬಾಯಿಬಿಟ್ಟು ಹೇಳಲೂ ಹೆದರುತ್ತಾಳೆ. ಆಗ ನಿಜವಾದ ಸೂಚನೆಯೇ ಮುಚ್ಚಿಹೋಗುತ್ತೆ. ಇದನ್ನು ನಾನು ತುಂಬಾ ಸಲ ನೋಡಿದ್ದೇನೆ.

ಮುಂದೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನೂ ಹೇಳಿದೆ. ಅಣ್ಣನ ಹೆಸರು ಬರೆಯುತ್ತಾಳೆ ಅಂದುಕೊಂಡಿದ್ದೆ. ಅಮ್ಮನ ಹೆಸರು ಬರೆದಳು.

ಗಣೇಶನ ಹಬ್ಬದ ಹೊತ್ತಿಗೆ ಎರಡು ರಾತ್ರಿ ನಿದ್ದೆ ಕೆಟ್ಟಿತು. ತಾಯಿ ಬಾಯಿ ತೆರೆಯುವ ಮೊದಲೇ ಅವಳು ಡಾಕ್ಟರಿಗೆ ಫೋನ್ ಮಾಡಿದ್ದಳು. ಔಷಧಿ ಬದಲಾಯಿತು, ಒಂದು ವಾರ ರಜೆ, ಮತ್ತೆ ಕೆಲಸ. ಮಾವ ಇದಕ್ಕೆ ‘ಕಾಯಿಲೆ ಮರಳಿತು’ ಅನ್ನುತ್ತಾರೆ. ನಾನು ಚೇತರಿಕೆ ಅನ್ನುತ್ತೇನೆ.

ತಾಯಿ ಮೊನ್ನೆ ಸಿಕ್ಕಿದ್ದರು. "ಬುಧವಾರ ಒಂದ್ಸಲ ಎಣಿಸಿಬಿಟ್ಟೆ ಮೇಡಂ," ಎಂದರು ತಪ್ಪೊಪ್ಪಿಕೊಳ್ಳುವವರ ಹಾಗೆ. "ಸರಿಯಾಗೇ ಇತ್ತು."